ಎಳೆಯೋದು ಬೇರೆ, ಹೊರೋದು ಬೇರೆ: ನಿಮ್ಮ ಟ್ರಕ್ಕಿಗೆ ಎಷ್ಟು ತೂಕದ ಟ್ರೇಲರ್ ಸರಿ?

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಸಾಕು, ಇಲ್ಲಿ ಡೆನ್ವರ್ ಸುತ್ತಮುತ್ತ ಇರೋ ನಮ್ಮ ಕನ್ನಡದ ಗೆಳೆಯರಲ್ಲಿ ಒಬ್ಬರಾದರೂ ಫೋನ್ ಮಾಡುತ್ತಾರೆ. "ಟ್ರಾವೆಲ್ ಟ್ರೇಲರ್ ತಗೋಬೇಕು ಅಂತಿದೀವಿ. ಈಗಿರೋ ಹೈಲ್ಯಾಂಡರ್ ಸಾಕಾ? ಎಫ್-150 ತಗೊಳ್ಳೋದಾ? ಇಲ್ಲಾ ಒಂದೇ ಸಲ ದೊಡ್ಡ ಡೀಸೆಲ್ ಟ್ರಕ್ಕೇ ತಗೊಂಡುಬಿಡೋದಾ?" ಟ್ರಾವೆಲ್ ಟ್ರೇಲರ್ ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯೋ ಚಕ್ರದ ಮನೆ, ಹೈಲ್ಯಾಂಡರ್ ಒಂದು ಎಸ್‌ಯುವಿ, ಎಫ್-150 ಒಂದು ಪಿಕಪ್ ಟ್ರಕ್ಕು. ನಾನು ತಿರುಗಿ ಕೇಳೋದು ಒಂದೇ: ನಿಮ್ಮನೇಲಿ ಎಷ್ಟು ಜನ? ಅವರಿಗೆ ತಮಾಷೆ ಅನ್ನಿಸುತ್ತೆ. ಟ್ರಕ್ಕಿಗೂ ಜನಕ್ಕೂ ಏನು ಸಂಬಂಧ ಅಂತ. ಇರೋ ಸಂಬಂಧವೆಲ್ಲ ಅಲ್ಲೇ ಇದೆ.

ಮೊದಲು ನನ್ನ ಎಡವಟ್ಟು ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ಒಂದು ಹಾಫ್-ಟನ್ ಪಿಕಪ್, ಅಂದರೆ ಎಫ್-150 ವರ್ಗದ್ದು, ತಗೊಂಡೆ. ಕೆಳಗಿನ ಮಾಡೆಲ್ ಅಲ್ಲ, ಲೆದರ್ ಸೀಟು, ಮೇಲೆ ಇಡೀ ಗಾಜಿನ ಸನ್‌ರೂಫ್ ಇರೋದು. ಬ್ರೋಷರ್‌ನಲ್ಲಿ 11,000 ಪೌಂಡ್ ಎಳೆಯುತ್ತೆ ಅಂತ ಬರೆದಿತ್ತು. ಆಮೇಲೆ ಟ್ರೇಲರ್ ಅಂಗಡಿಗೆ ಹೋದೆವು. 28 ಅಡಿ, ಮಕ್ಕಳಿಗೆ ಬಂಕ್ ಬೆಡ್, ಖಾಲಿ ತೂಕ 5,400 ಪೌಂಡ್. ಮಾರೋನು ಕ್ಯಾಲ್ಕುಲೇಟರ್ ಕೂಡ ತೆಗೀಲಿಲ್ಲ, "ನಿಮ್ಮ ಟ್ರಕ್ಕಿನ ಅರ್ಧ ಶಕ್ತಿ ಸಾಕು ಇದಕ್ಕೆ" ಅಂದುಬಿಟ್ಟ. ನನಗೂ ಹೌದಲ್ವಾ ಅನ್ನಿಸಿತು. ಮೊದಲ ಟ್ರಿಪ್ಪಿನಲ್ಲೇ ಟ್ರಕ್ಕಿನ ಹಿಂಭಾಗ ಕುಸಿದು, ಹೆಡ್‌ಲೈಟ್ ಮರದ ತುದಿಗೆ ಬೀಳ್ತಾ ಇತ್ತು. ಪಕ್ಕದಲ್ಲಿ ಸೆಮಿ ಟ್ರಕ್ಕೊಂದು ದಾಟಿದಾಗಲೆಲ್ಲ ಸ್ಟೀರಿಂಗ್ ಕೈಯಲ್ಲೇ ತೇಲಿದ ಹಾಗೆ.

ಎರಡನೇ ಟ್ರಿಪ್ಪಿಗೆ ಮುಂಚೆ ತೂಕ ಮಾಡಿಸಿದೆ. ಹೈವೇ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಇರುತ್ತೆ, ನೋಡಿರಬಹುದು. ನೆಲದಲ್ಲಿ ಸಾಲಾಗಿ ಪ್ಲೇಟುಗಳು. ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರಿನ ಚಕ್ರ ಮೂರನೆಯದರ ಮೇಲೆ ಬರೋ ಹಾಗೆ ನಿಲ್ಲಿಸಬೇಕು. ಪಕ್ಕದ ಕಂಬದ ಗುಂಡಿ ಒತ್ತಿ ಮೊದಲ ಸಲದ ತೂಕ ಅಂತ ಹೇಳಿ, ಒಳಗೆ ಹೋಗಿ ಚೀಟಿ ತಗೊಂಡು ಬಂದರೆ ಆಯಿತು. ಹದಿನೈದು ಡಾಲರ್ ಆಸುಪಾಸು. ಆ ಚೀಟಿ ಇವತ್ತಿಗೂ ಗ್ಲೋವ್ ಬಾಕ್ಸಿನಲ್ಲಿದೆ. ಮುಂದಿನ ಆಕ್ಸಲ್ 3,120. ಹಿಂದಿನದು 4,020. ಟ್ರೇಲರಿನ ಚಕ್ರದ್ದು 5,920. ಒಟ್ಟು 13,060 ಪೌಂಡ್.

ಟ್ರಕ್ಕು, ಟ್ರೇಲರ್ ಎರಡೂ ಸೇರಿ ಇರಬಹುದಾದ ಮಿತಿ ಸುಮಾರು 16,900. ಅಂದರೆ ಎಳೆಯೋ ಲೆಕ್ಕದಲ್ಲಿ ಹೆಚ್ಚು ಕಡಿಮೆ 4,000 ಪೌಂಡ್ ಬಾಕಿ ಉಳಿದಿತ್ತು. ಆದರೆ ಟ್ರಕ್ಕು ತನ್ನ ನಾಲ್ಕು ಚಕ್ರದ ಮೇಲೆ ಹೊರಬಹುದಾದ ಒಟ್ಟು ತೂಕ 7,000. ನಮ್ಮದು 7,140. ಎಳೆಯೋದರಲ್ಲಿ ಶ್ರೀಮಂತ, ಹೊರೋದರಲ್ಲಿ ಸಾಲಗಾರ.

ಹಾಗಾಗಿ ಯಾವುದನ್ನು ಕೊಳ್ಳಬೇಕು ಅನ್ನೋ ಮಾತಿಗೆ ಮುಂಚೆ ಯಾವುದನ್ನು ಅಳೆಯಬೇಕು ಅನ್ನೋದು.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿ ಸ್ಟಿಕ್ಕರ್ ಇರುತ್ತೆ. ಟೈರಿನ ಗಾಳಿ ಎಷ್ಟು ಅಂತ ಬರೆದಿರೋದು. ಅದರಲ್ಲೇ, ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಒಂದು ಸಾಲಿದೆ. ಅದೇ ಪೇಲೋಡ್. ಬ್ರೋಷರಿನ ಪೇಲೋಡ್ ಅಲ್ಲ, ಪಕ್ಕದ ಮನೆಯವರ ಅದೇ ಮಾಡೆಲ್ ಟ್ರಕ್ಕಿನದೂ ಅಲ್ಲ, ನಿಮ್ಮ ಗಾಡಿ ಫ್ಯಾಕ್ಟರಿಯಿಂದ ಹೊರಗೆ ಬಂದಾಗ ಅದರಲ್ಲಿ ಏನೇನಿತ್ತೋ ಅದನ್ನೆಲ್ಲ ಕಳೆದು ಬರೆದ ಸಂಖ್ಯೆ. ನನ್ನದು 1,420. ಸನ್‌ರೂಫು, ಕರೆಂಟಿನಲ್ಲಿ ಓಡೋ ಸೀಟು, ದೊಡ್ಡ ಚಕ್ರ, ಎಲ್ಲವೂ ಇದರಲ್ಲೇ ತಿಂದಿರುತ್ತವೆ. ಅದಕ್ಕೇ ಅದೇ ಟ್ರಕ್ಕಿನ ಬಟ್ಟೆ ಸೀಟಿನ ಮಾಡೆಲ್ ಎಷ್ಟೋ ಸಲ ಜಾಸ್ತಿ ಹೊರುತ್ತೆ. ದುಡ್ಡು ಜಾಸ್ತಿ ಕೊಟ್ಟು ಕಡಿಮೆ ಹೊರೋ ಗಾಡಿ ತಂದವನು ನಾನು.

ಎರಡನೆಯದು ಟ್ರೇಲರಿನ ತೂಕ. ಖಾಲಿ ತೂಕ ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಅದನ್ನು ಮರೆತುಬಿಡಿ. ಖಾಲಿ ಟ್ರೇಲರ್ ಯಾರೂ ಎಳೆಯಲ್ಲ. ಆ ತೂಕದಲ್ಲಿ ನೀರು, ಪಾತ್ರೆ, ಹಾಸಿಗೆ ಬಟ್ಟೆ ಯಾವುದೂ ಇರಲ್ಲ, ಬ್ಯಾಟರಿ ಕೂಡ ಬಹಳ ಸಲ ಇರಲ್ಲ. ನೀರು ಗ್ಯಾಲನ್‌ಗೆ 8.34 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ದಾಟುತ್ತೆ. 20 ಪೌಂಡಿನ ಗ್ಯಾಸ್ ಸಿಲಿಂಡರ್ ಅಂತಾರೆ, ತುಂಬಿದ್ದನ್ನು ಎತ್ತಿದರೆ ಸುಮಾರು 37. ಕುಕ್ಕರ್, ಸೋನಾ ಮಸೂರಿ ಚೀಲ, ದೋಸೆ ಕಾವಲಿ, ಎಲ್ಲ ಸೇರಿ ನಮ್ಮ 5,400ರ ಟ್ರೇಲರ್ 6,700 ಆಗಿತ್ತು (ಚೀಟಿಯ 5,920 ಅದರ ಚಕ್ರದ ಮೇಲಿದ್ದದ್ದು ಮಾತ್ರ, ಉಳಿದದ್ದು ಟ್ರಕ್ಕಿನ ಮೇಲೆ ಕೂತಿತ್ತು). ಟ್ರೇಲರ್ ತುಂಬಿದಾಗ ದಾಟಬಾರದ ತೂಕ ಜಿವಿಡಬ್ಲ್ಯೂಆರ್ ಅಂತ ಅದರ ಮೈಮೇಲೇ ಬರೆದಿರುತ್ತೆ. ಲೆಕ್ಕ ಹಾಕೋದಾದರೆ ಅದನ್ನೇ ಇಟ್ಟುಕೊಂಡು ಹಾಕಿ.

ಮೂರನೆಯದು ಟಂಗ್ ವೈಟ್, ಅಂದರೆ ಟ್ರೇಲರಿನ ಮೂತಿ ಟ್ರಕ್ಕಿನ ಹಿಚ್ (ಟ್ರೇಲರ್ ಸಿಕ್ಕಿಸೋ ಕೊಂಡಿ) ಮೇಲೆ ಎಷ್ಟು ಕೂರುತ್ತೆ ಅನ್ನೋದು. ಇದನ್ನು ನನಗೆ ಇಂಗ್ಲಿಷಿನಲ್ಲಿ ಯಾರು ಎಷ್ಟು ವಿವರಿಸಿದರೂ ತಲೆಗೆ ಹತ್ತಿರಲಿಲ್ಲ, ಊರಿನ ಎತ್ತಿನ ಗಾಡಿ ನೆನಪಾದ ಮೇಲೆ ಒಂದೇ ನಿಮಿಷಕ್ಕೆ ಅರ್ಥವಾಯಿತು. ತಾತ ಕಬ್ಬು ತುಂಬಿಸಿದ ಮೇಲೆ ಎತ್ತು ಕಟ್ಟುವ ಮುಂಚೆ ಮೂಕಿ ಎತ್ತಿ ನೋಡುತ್ತಿದ್ದರು. ಹಿಂದೆ ಭಾರ ಜಾಸ್ತಿಯಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತೆ. ಮುಂದೆ ಜಾಸ್ತಿಯಾದರೆ ಹೆಗಲು ಸುಲಿಯುತ್ತೆ. ಇಲ್ಲೂ ಅಷ್ಟೇ. ಮೂತಿಯ ಮೇಲೆ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಇರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಿಂದೆ ಓಲಾಡೋಕೆ ಶುರು ಮಾಡುತ್ತೆ, ಆ ಓಲಾಟ ವೇಗ ಏರಿದಷ್ಟೂ ಜೋರು. ಹಾಗಾಗಿ ಮೂತಿಯ ಭಾರ ಉಳಿಸೋಕೆ ಅಂತ ಎಲ್ಲ ಸಾಮಾನು ಹಿಂದಕ್ಕೆ ತಳ್ಳಬೇಡಿ. ಲೆಕ್ಕಕ್ಕೆ ನಾನು 13 ಹಿಡಿಯುತ್ತೇನೆ. ಈ ಭಾರ ಬೀಳೋದು ಟ್ರಕ್ಕಿನ ಪೇಲೋಡ್ ಮೇಲೆ. ಮಾರೋರು ಹೇಳದೆ ಬಿಡೋದು ಇದನ್ನೇ.

ಈಗ ನನ್ನ ಲೆಕ್ಕ. ಪೇಲೋಡ್ 1,420. ನಾವು ನಾಲ್ಕು ಜನ 440. ಟ್ರಕ್ಕಿನ ಹಿಂದೆ ಸೈಕಲ್, ಕೂಲರ್, ಕುರ್ಚಿ, ಸೌದೆ 250. ಮೂತಿಯ ಭಾರವನ್ನು ಬೇರೆ ಚಕ್ರಗಳಿಗೂ ಹಂಚೋ ವೈಟ್ ಡಿಸ್ಟ್ರಿಬ್ಯೂಷನ್ ಹಿಚ್ ಅನ್ನೋ ಕಬ್ಬಿಣದ ರಾಶಿ 90. ಉಳಿದದ್ದು 640. ಅದನ್ನು 0.13ರಿಂದ ಭಾಗಿಸಿದರೆ ಸುಮಾರು 4,900, ನಾವು ಎಳೆಯಬಹುದಾದ ಟ್ರೇಲರಿನ ತೂಕ ಇಷ್ಟೇ. ನೋಡಿ, 11,000 ಪೌಂಡ್ ಎಳೆಯುತ್ತೆ ಅಂದ ಟ್ರಕ್ಕು ನಮ್ಮ ಮನೆಗೆ 4,900 ಪೌಂಡಿನ ಟ್ರಕ್ಕು! ಅಪ್ಪ ಅಮ್ಮ ಊರಿಂದ ಬಂದು ಅವರೂ ಹತ್ತಿದರೆ ಇನ್ನೊಂದು 280 ಹೋಗುತ್ತೆ, ಉಳಿಯೋದು 2,800 ಪೌಂಡಿನ ಟ್ರೇಲರ್. ಆರು ಜನಕ್ಕೆ ಮುಂದಿನ ಸೀಟು ಬೆಂಚಿನ ಥರದ್ದೇ ಬೇಕು, ಅದು ಬೇರೆ ತಲೆನೋವು.

ಹಾಗಾದರೆ 11,000 ಅನ್ನೋದು ಸುಳ್ಳಾ? ಸುಳ್ಳಲ್ಲ. ಗಾಡಿ ಎಷ್ಟು ಎಳೆಯುತ್ತೆ ಅಂತ ಪರೀಕ್ಷಿಸೋಕೆ ಎಸ್ಎಇ ಜೆ2807 ಅಂತ ಒಂದು ಮಾನದಂಡ ಇದೆ, 2011ರ ಟುಂಡ್ರಾಗೆ ಟೊಯೊಟಾ ಮೊದಲು ಒಪ್ಪಿಕೊಂಡಿತು, ಆಮೇಲೆ ಒಬ್ಬೊಬ್ಬರೇ ಬಂದರು. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರ 11.4 ಮೈಲಿಯ ಏರುದಾರಿ ಇದೆ, ಪರೀಕ್ಷೆಗೆ ಅದೇ ಅಳತೆ. ಬಿಸಿಲಲ್ಲಿ ಎಸಿ ಜೋರಾಗಿ ಹಾಕಿಕೊಂಡು ಅದನ್ನು ಹತ್ತುವಾಗ ಮಾಮೂಲಿ ಪಿಕಪ್ಪಿನ ವೇಗ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಗಟ್ಟಿ ಪರೀಕ್ಷೆಯೇ. ಆದರೆ ಅದರಲ್ಲಿ ಕೂತಿರೋದು 150 ಪೌಂಡಿನ ಇಬ್ಬರು. ಮಕ್ಕಳಿಲ್ಲ, ಸೈಕಲ್ ಇಲ್ಲ, ಸೌದೆ ಇಲ್ಲ.

ನಾಲ್ಕನೆಯದು ನೀವು ಓಡಿಸೋ ರಸ್ತೆ. ಟೆಕ್ಸಾಸಿನ ಬಯಲಲ್ಲಿ ಇರೋರಿಗೆ ಇದು ಅಷ್ಟಾಗಿ ತಟ್ಟಲ್ಲ. ನಮಗೆ ಡೆನ್ವರಿನಿಂದ ಐ-70 ಹೈವೇಯಲ್ಲಿ ಪಶ್ಚಿಮಕ್ಕೆ ಹೋದರೆ ಐಸೆನ್‌ಹೋವರ್ ಸುರಂಗ, 11,158 ಅಡಿ ಎತ್ತರದಲ್ಲಿ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಯಂತ್ರ) ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತೆ, ಅಲ್ಲಿಗೆ ಹೋಗೋ ಹೊತ್ತಿಗೆ ಮೂರನೇ ಒಂದು ಭಾಗ ಮಾಯ. ಟರ್ಬೊ ಇದ್ದರೆ ಅಷ್ಟು ಕಷ್ಟವಿಲ್ಲ. ಹತ್ತೋದಾದರೂ ಬಿಡಿ, ನಿಧಾನಕ್ಕೆ ಬಲಗಡೆ ಲೇನಿನಲ್ಲಿ ಹತ್ತಬಹುದು. ಭಯ ಇರೋದು ಇಳಿಯೋದರಲ್ಲಿ. ಇಳಿಜಾರಿನಲ್ಲಿ ಗಾಡಿ ಎತ್ತನ್ನು ತಳ್ಳುತ್ತೆ ಅಂತಾರಲ್ಲ, ಅದೇ. ಕೆಳ ಗೇರಿಗೆ ಹಾಕದೆ ಬರೀ ಬ್ರೇಕ್ ಒತ್ತಿಕೊಂಡು ಬಂದರೆ ಅರ್ಧ ದಾರಿಯಲ್ಲೇ ಬ್ರೇಕಿನ ವಾಸನೆ ಒಳಗೆ ಬರುತ್ತೆ. ಪಕ್ಕದಲ್ಲಿ ಬ್ರೇಕ್ ಸೋತ ಲಾರಿಗಳಿಗೆ ಅಂತ ಜಲ್ಲಿ ಸುರಿದ ದಾರಿ ಮಾಡಿರೋದು ಸುಮ್ನೆ ಅಲ್ಲ.

ಇನ್ನು ಆಯ್ಕೆಗಳಿಗೆ ಬರೋಣ.

ಇರೋ ಎಸ್‌ಯುವಿ ಸಾಕು, ಚಿಕ್ಕ ಟ್ರೇಲರ್ ತಗೊಳ್ತೀವಿ ಅನ್ನೋರು ಮೊದಲು. ನನ್ನ ಮಟ್ಟಿಗೆ ಇದು ತುಂಬ ಜನ ಕೀಳಾಗಿ ನೋಡೋ ಒಳ್ಳೆಯ ದಾರಿ. ಹೈಲ್ಯಾಂಡರ್ ಪೆಟ್ರೋಲ್, ನಾಲ್ಕೂ ಚಕ್ರ ಎಳೆಯೋ (ಆಲ್-ವೀಲ್) ಪೈಲಟ್, ಟೆಲ್ಯುರೈಡ್ ಇವೆಲ್ಲ 5,000 ಪೌಂಡ್ ಎಳೆಯೋ ಗಾಡಿಗಳು. ಆದರೆ ಹೈಲ್ಯಾಂಡರ್ ಹೈಬ್ರಿಡ್ 3,500 ಅಷ್ಟೇ. ನಮ್ಮವರ ಮನೆ ಮುಂದೆ ಸಾಲಾಗಿ ನಿಂತಿರೋ ಸಿಯೆನ್ನಾ, ಒಡಿಸ್ಸಿಗಳೂ 3,500. 5,000 ಅಂದರೂ ಮೂತಿಯ ಭಾರ 500 ದಾಟೋ ಹಾಗಿಲ್ಲ, ಮೂರನೇ ಸಾಲಿನಲ್ಲೂ ಜನ ಕೂತರೆ ಪೇಲೋಡ್ ಬೇಗ ಮುಗಿಯುತ್ತೆ. ಜೊತೆಗೆ ಟ್ರೇಲರಿನ ಎದೆ ಅಗಲವಾದಷ್ಟೂ ಗಾಳಿ ಹಿಡಿಯುತ್ತೆ, ತೂಕ ಸರಿಯಿದ್ದರೂ ವಯೋಮಿಂಗಿನ ಎದುರುಗಾಳಿಗೆ ಕಾರು ಏದುಸಿರು ಬಿಡುತ್ತೆ. ಹಾಗಾಗಿ ತುಂಬಿದ ತೂಕ 3,500 ಒಳಗೆ ಇರೋದನ್ನು ನೋಡಿ. ಸ್ಕ್ಯಾಂಪ್, ಕಸೀಟಾ ಅಂತ ಮೊಟ್ಟೆ ಆಕಾರದ ಫೈಬರ್‌ಗ್ಲಾಸ್ ಟ್ರೇಲರುಗಳಿವೆ. ಹಗುರ, ಗಾಳಿ ಸೀಳಿಕೊಂಡು ಹೋಗುತ್ತವೆ, ಚಾವಣಿಯಲ್ಲಿ ಜೋಡಣೆ ಕಡಿಮೆ ಇರೋದರಿಂದ ಸೋರೋದೂ ಕಡಿಮೆ, ಮಾರುವಾಗಲೂ ಬೆಲೆ ಬರುತ್ತೆ. ಆದರೆ ನಾಲ್ಕು ಜನ ಮಲಗಬಹುದು ಅಂತ ಬರೆದಿರೋದನ್ನು ನಂಬಿ ಹೋಗಬೇಡಿ. ಮಲಗಬಹುದು, ಮಗ್ಗುಲು ಬದಲಿಸೋಕೆ ಎಲ್ಲರೂ ಒಟ್ಟಿಗೆ ಒಪ್ಪಬೇಕು. ಗಂಡ ಹೆಂಡತಿ, ಒಂದು ಚಿಕ್ಕ ಮಗು ಇದ್ದರೆ ಬೇರೆ ಯೋಚನೆಯೇ ಬೇಡ. ಹೊಸ ಗಾಡಿಯ ಸಾಲವೂ ಇಲ್ಲ. ಅಂದಹಾಗೆ ಕಾರಿನಲ್ಲಿ ಟೋ ಪ್ಯಾಕೇಜ್ (ಎಳೆಯೋಕೆ ಬೇಕಾದ ಸಲಕರಣೆ) ಇದೆಯಾ, ಗೇರ್‌ಬಾಕ್ಸ್ ಕೂಲರ್ ಬೇಕಾ, ವೈಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಬಹುದಾ ಅಂತ ಮ್ಯಾನ್ಯುಯಲ್ ತೆಗೆದು ನೋಡಿ. ಕೆಲವು ಕಾರುಗಳಿಗೆ ಬೇಡ ಅಂತಲೇ ಬರೆದಿರ್ತಾರೆ.

ಎರಡನೆಯದು ಹಾಫ್-ಟನ್ ಪಿಕಪ್. ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500, ಟುಂಡ್ರಾ. ದಿನಾ ಆಫೀಸಿಗೂ ಆಗುತ್ತೆ, ವಾರಾಂತ್ಯಕ್ಕೂ ಆಗುತ್ತೆ, ಎರಡು ಮಕ್ಕಳ ಮನೆಗೆ ಬಹುಪಾಲು ಇದೇ ಸರಿ. ಒಂದೇ ಷರತ್ತು: ಬಣ್ಣ ನೋಡೋ ಮುಂಚೆ ಬಾಗಿಲು ತೆಗೆದು ಸ್ಟಿಕ್ಕರ್ ನೋಡಿ. ಒಂದೇ ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ನಿಂತ ಎರಡು ಟ್ರಕ್ಕಿಗೆ 300, 400 ಪೌಂಡ್ ವ್ಯತ್ಯಾಸ ಇರೋದನ್ನು ನಾನೇ ನೋಡಿದ್ದೇನೆ. ಪೇಲೋಡ್ 1,700 ಮೇಲೆ ಸಿಕ್ಕರೆ 6,000ದಿಂದ 7,000 ಪೌಂಡಿನ ಟ್ರೇಲರ್ ಬಗ್ಗೆ ಮಾತಾಡಬಹುದು. 1,300, 1,400 ಇದ್ದರೆ 5,000 ಒಳಗೇ ಇರಿ, ಬ್ರೋಷರ್ ಏನೇ ಹೇಳಲಿ. ಹಿಂದಿರೋ ಹಿಚ್ ರಿಸೀವರಿನ ಮೇಲೂ ಒಂದು ಸ್ಟಿಕ್ಕರ್ ಇರುತ್ತೆ, ಬಗ್ಗಿ ನೋಡಿ. ಎಷ್ಟೋ ಹಾಫ್-ಟನ್‌ಗಳಲ್ಲಿ ವೈಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ 5,000 ಪೌಂಡ್ ಮತ್ತು ಮೂತಿಗೆ 500 ಅಷ್ಟೇ ಮಿತಿ. ಈ ಹಿಚ್ಚು ಹಿಂದಿನ ಭಾರವನ್ನು ಒಂದಷ್ಟು ಮುಂದಿನ ಚಕ್ರಕ್ಕೆ, ಒಂದಷ್ಟು ಟ್ರೇಲರಿನ ಚಕ್ರಕ್ಕೆ ಹಂಚುತ್ತೆ. ಆದರೆ ಅದು ಪೇಲೋಡ್ ಹೆಚ್ಚಿಸಲ್ಲ. ಏರ್‌ಬ್ಯಾಗ್ (ಹಿಂದಿನ ಸ್ಪ್ರಿಂಗಿನ ಹತ್ತಿರ ಕೂರಿಸೋ ಗಾಳಿ ಚೀಲ) ಹಾಕಿ ಹಿಂಭಾಗ ಎತ್ತಿದರೂ ಅಷ್ಟೇ, ಕುಸಿದದ್ದು ಕಾಣಲ್ಲ, ಹೊರೆ ಹಾಗೇ ಇರುತ್ತೆ.

ನೂರಕ್ಕೆ 80ರಷ್ಟು ಮಾತ್ರ ಎಳೀರಿ ಅನ್ನೋ ಮಾತೊಂದಿದೆ. ಎಳೆಯೋ ಮಿತಿಗೆ ಅದು ಒಳ್ಳೆಯದೇ, ಬೆಟ್ಟದ ಕಡೆಯವರಿಗಂತೂ ಬೇಕು. ಆದರೆ ಅದನ್ನು ಪಾಲಿಸಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 11,000ಕ್ಕೆ 80 ಅಂದರೆ 8,800. ನನ್ನ ಟ್ರಕ್ಕಿಗೆ ಅಷ್ಟು ಕಟ್ಟಿದ್ದರೆ ಏನಾಗುತ್ತಿತ್ತು?

ಊರಿಂದ ತಂದೆ ತಾಯಿ ಪ್ರತಿ ವರ್ಷ ಬಂದು ಆರು ತಿಂಗಳು ಇರ್ತಾರೆ, ಅವರನ್ನು ಬಿಟ್ಟು ಹೋಗೋ ಮಾತಿಲ್ಲ ಅನ್ನೋರು ಪಿಕಪ್ಪಿನ ಜೊತೆಗೆ ಎಕ್ಸ್‌ಪೆಡಿಷನ್, ಸಬರ್ಬನ್ ಥರದ ದೊಡ್ಡ ಮೂರು ಸಾಲಿನ ಗಾಡಿಗಳನ್ನೂ ನೋಡಿ. ಟೋ ಪ್ಯಾಕೇಜ್ ಇದ್ದರೆ 8,000 ದಾಟಿ ಎಳೀತವೆ, ಹತ್ತಿ ಇಳಿಯೋದೂ ಹಿರಿಯರಿಗೆ ಸಲೀಸು. ಪೇಲೋಡ್ ಮಾತ್ರ ಹಾಫ್-ಟನ್‌ನಷ್ಟೇ, ಲೆಕ್ಕ ಮತ್ತೆ ಅದೇ.

ಮೂರನೆಯದು ಇನ್ನೂ ಭಾರ ಹೊರೋ ಮುಕ್ಕಾಲು ಟನ್ ಪಿಕಪ್: ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500. ತುಂಬಿದ ತೂಕ 7,500 ದಾಟೋ ಟ್ರೇಲರ್, 30 ಅಡಿ, ಮೂರು ಮಕ್ಕಳು, ವರ್ಷಕ್ಕೆ ಐದಾರು ಸಲ ರಾಕೀಸ್ ಬೆಟ್ಟ ಹತ್ತೋರು, ಇವರು ಇಲ್ಲಿಗೇ ಬರಬೇಕು. ಪಕ್ಕದಲ್ಲಿ ಸೆಮಿ ದಾಟಿದರೂ ಅಲುಗಲ್ಲ. ಇಲ್ಲೊಂದು ಬಲೆ ಇದೆ. ಡೀಸೆಲ್ ಅಂದರೆ ಜಾಸ್ತಿ ಅಂತ ನಾವು ಅಂದುಕೊಳ್ತೀವಿ. ಎಳೆಯೋದರಲ್ಲಿ ಹೌದು. ಆದರೆ ಡೀಸೆಲ್ ಎಂಜಿನ್ ತಾನೇ ಭಾರ, ಆ ಭಾರ ಪೇಲೋಡಿನಿಂದ ಕಳೆಯುತ್ತೆ. ಹಾಗಾಗಿ ಅದೇ ಟ್ರಕ್ಕಿನ ಪೆಟ್ರೋಲ್ ಮಾಡೆಲ್ ಜಾಸ್ತಿ ಹೊರೋದು ಮಾಮೂಲು. ಡೀಸೆಲ್ ಎಂಜಿನ್ನಿಗೆ ಹೆಚ್ಚು ಕಡಿಮೆ 10,000 ಡಾಲರ್ ಜಾಸ್ತಿ ಬೇರೆ. ಅದರ ಬದಲಿಗೆ ಸಿಗೋದು ಎತ್ತರದಲ್ಲೂ ಬತ್ತದ ಶಕ್ತಿ ಮತ್ತು ಎಕ್ಸಾಸ್ಟ್ ಬ್ರೇಕ್. ಆ ಬ್ರೇಕಿನ ಗುಂಡಿ ಒತ್ತಿದರೆ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ. ಒಬ್ಬ ಗೆಳೆಯರ ಗಾಡಿಯಲ್ಲಿ ಸುರಂಗದಿಂದ ಸಿಲ್ವರ್‌ಥಾರ್ನ್ ಕಡೆಗೆ ಇಳಿದೆವು, ಅವರು ಬ್ರೇಕ್ ಮುಟ್ಟಿದ್ದು ಎರಡೋ ಮೂರೋ ಸಲ. ನನಗೆ ಹೊಟ್ಟೆಕಿಚ್ಚಾಯಿತು ಅಂತ ಮುಚ್ಚುಮರೆ ಇಲ್ಲದೆ ಹೇಳ್ತೀನಿ.

ಆದರೆ ವರ್ಷದ ಉಳಿದ 340 ದಿನ? ಖಾಲಿ ಓಡಿಸಿದರೆ ಹಳ್ಳ ದಿಣ್ಣೆ ಎಲ್ಲ ಬೆನ್ನಿಗೆ ಗೊತ್ತಾಗುತ್ತೆ. ಉದ್ದ 20 ಅಡಿ ದಾಟುತ್ತೆ, ತುಂಬ ಮನೆಗಳ ಗ್ಯಾರೇಜಿಗೆ ಹೋಗಲ್ಲ, ಯುಗಾದಿ ದಿನ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ನಿಮ್ಮನ್ನು ಎಲ್ಲರೂ ನೋಡ್ತಾರೆ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ಮೇಲ್ಭಾಗದಲ್ಲಿ 21 ಅಡಿ ಉದ್ದ, ಕನ್ನಡಿ ಸೇರಿ 8 ಅಡಿ ಅಗಲ ದಾಟೋ ಗಾಡಿಗೆ ಪ್ರವೇಶವಿಲ್ಲ. ಟ್ರೇಲರ್ ಕ್ಯಾಂಪಿನಲ್ಲಿ ಬಿಟ್ಟು ಹೋಗೋಣ ಅಂದರೂ ಈ ಟ್ರಕ್ಕಿನ ಹಿಂದೆ ಸೈಕಲ್ ಸ್ಟ್ಯಾಂಡ್ ಸಿಕ್ಕಿಸಿದರೆ ಅಲ್ಲಿಗೇ ಮುಗೀತು, ದೊಡ್ಡ ಕನ್ನಡಿಗಳನ್ನೂ ಮಡಚಿಕೊಂಡೇ ಹೋಗಬೇಕು.

ನಾಲ್ಕನೆಯದನ್ನು ಯಾರೂ ಕೇಳಲ್ಲ, ನಾನೇ ಹೇಳ್ತೀನಿ: ಕೊಳ್ಳಲೇಬೇಡಿ. ವರ್ಷಕ್ಕೆ ಎರಡು ಸಲ ಹೋಗೋರಿಗೆ ಬಾಡಿಗೆ ಸಾಕು. ಔಟ್‌ಡೋರ್ಸಿ, ಆರ್‌ವಿಶೇರ್‌ನಲ್ಲಿ (ಇವು ಬಾಡಿಗೆಯ ವೆಬ್‌ಸೈಟುಗಳು) ಟ್ರೇಲರನ್ನು ಕ್ಯಾಂಪಿಗೇ ತಂದು ನಿಲ್ಲಿಸಿ ಕೊಡೋ ಮಾಲೀಕರು ಸಿಗ್ತಾರೆ, ನೀವು ಸಿಯೆನ್ನಾದಲ್ಲಿ ಬಿಸಿಬೇಳೆಬಾತ್ ಡಬ್ಬಿ ಇಟ್ಟುಕೊಂಡು ಹೋದರಾಯಿತು. ಕೊಂಡರೆ ಬರೀ ಟ್ರಕ್ಕಿನ ಕಂತಲ್ಲ. ತುಂಬ ಕಡೆ ಎಚ್ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಮನೆ ಮುಂದೆ ಟ್ರೇಲರ್ ನಿಲ್ಲಿಸೋಕೆ ಬಿಡಲ್ಲ, ಸ್ಟೋರೇಜಿಗೆ ತಿಂಗಳ ಬಾಡಿಗೆ, ಇನ್ಶೂರೆನ್ಸ್, ಚಳಿಗಾಲಕ್ಕೆ ಪೈಪಿನ ನೀರು ತೆಗೆಸೋದು, ಎಳೆಯುವಾಗ ಗ್ಯಾಲನ್‌ಗೆ ಹತ್ತು ಮೈಲಿ ಸಿಕ್ಕರೆ ಪುಣ್ಯ. ಕೊಳ್ಳೋದು ಖಂಡಿತ ಅಂತಿದ್ದರೂ ಒಂದು ಸಲ ಬಾಡಿಗೆಗೆ ತಗೊಂಡು ಮೂರು ರಾತ್ರಿ ಇದ್ದು ಬನ್ನಿ. ಎಷ್ಟು ಜಾಗ ಬೇಕು ಅಂತ ಆಗ ತಿಳಿಯುತ್ತೆ. ಬಹಳ ಜನಕ್ಕೆ ತಾವು ಅಂದುಕೊಂಡದ್ದಕ್ಕಿಂತ ಕಡಿಮೆ ಸಾಕಾಗುತ್ತೆ.

ಯಾವುದೇ ತಗೊಂಡರೂ ಇವಿಷ್ಟು. ಬಹುತೇಕ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಅದರದ್ದೇ ಬ್ರೇಕ್ ಇರಬೇಕು, ಕ್ಯಾಲಿಫೋರ್ನಿಯಾದಲ್ಲಿ 1,500ಕ್ಕೇ. ಅಲ್ಲಿ ಟ್ರೇಲರ್ ಎಳೆಯೋರ ವೇಗದ ಮಿತಿಯೂ 55 ಮೈಲಿ. ಬೇರೆ ಕಡೆ ಜಾಸ್ತಿ ಇದ್ದರೂ ಟ್ರೇಲರ್ ಟೈರುಗಳು ಎಷ್ಟೋ ಸಲ 65ಕ್ಕೆ ಮಾತ್ರ ಮಾಡಿರೋದು. ಟ್ರೇಲರಿನ ಬ್ರೇಕನ್ನು ಗಾಡಿಯೊಳಗಿಂದಲೇ ಒತ್ತೋ ಬ್ರೇಕ್ ಕಂಟ್ರೋಲರ್ ಕೈಗೆ ಸಿಗೋ ಹಾಗಿರಲಿ. ಟ್ರೇಲರ್ ಓಲಾಡೋಕೆ ಶುರುವಾದರೆ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ, ಹೋಗಬಾರದು. ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಕೈಯಿಂದ ಟ್ರೇಲರಿನ ಬ್ರೇಕ್ ಮಾತ್ರ ಒತ್ತಿ.

ನಾವು ಕೊನೆಗೆ ಟ್ರಕ್ಕು ಉಳಿಸಿಕೊಂಡು ಟ್ರೇಲರ್ ಮಾರಿದೆವು. ನಷ್ಟವಾಯಿತು, ಎಷ್ಟು ಅಂತ ಕೇಳಬೇಡಿ. ಈಗಿರೋದು 22 ಅಡಿಯದು, ಜಿವಿಡಬ್ಲ್ಯೂಆರ್ 4,800. ಮಕ್ಕಳ ಬಂಕ್ ಇಲ್ಲ, ಊಟದ ಮೇಜನ್ನೇ ರಾತ್ರಿ ಹಾಸಿಗೆ ಮಾಡಬೇಕು, ದೊಡ್ಡವಳು ಮೊದಲ ಟ್ರಿಪ್ಪಿನಲ್ಲಿ ಮುಖ ಊದಿಸಿಕೊಂಡಿದ್ದಳು. ಹೊರಡೋ ದಿನ ಅದೇ ಟ್ರಕ್ ಸ್ಟಾಪಿನಲ್ಲಿ ತೂಕ ಮಾಡಿಸಿದೆವು. ಟ್ರಕ್ಕಿನ ಎರಡು ಆಕ್ಸಲ್ ಸೇರಿ 6,890. ಚೀಟಿ ನೋಡಿ ಹೆಂಡತಿ ಕೇಳಿದ್ದು, "ಹಾಗಾದ್ರೆ ಇನ್ನೂ 110 ಪೌಂಡ್ ಇದೆ, ಅಮ್ಮ ಬಂದಾಗ ಕರ್ಕೊಂಡು ಹೋಗಬಹುದಲ್ವಾ?" ಅತ್ತೆಯ ತೂಕ ಎಷ್ಟು ಅಂತ ಕೇಳೋ ಧೈರ್ಯ ನನಗಿಲ್ಲ. ಸೌದೆ ಕ್ಯಾಂಪಿನ ಹತ್ತಿರವೇ ಕೊಂಡರಾಯಿತು ಅಂದೆ.